ರೇಡಿಯೋಗೆ "ಆಗಲಿ ಸಾರ್" ಎಂದ ಮಾವನವರು

ನಮ್ಮ ಮಾವನವರು ಸೈನ್ಯದಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಆದರೆ ಸೈನ್ಯದಿಂದ ಅವರಿಗೆ ನಿವೃತ್ತಿಯೂ ಆಗಲಿಲ್ಲ! ಸೇರದೇ ಇದ್ದವರು ಬಿಡುವುದು ಹೇಗೆ ಎಂದು ನೀವು ಕೇಳಬಹುದು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಕೇಳಿದ್ದೆ. "ಮೊದಲು ಹಿತ್ತಲ ಬಾಗಿಲ ಚಿಲಕ ಹಾಕ್ಕೊಂಡು ಬಾರಮ್ಮ, ಆಮೇಲೆ ಹೇಳ್ತೀನಿ" ಎಂದಿದ್ದರು. ಚಿಲಕ ಹಾಕಿ ಬರುವಷ್ಟರಲ್ಲಿ ಅವರು ಬೂಟು ತೊಟ್ಟು, ಕತ್ತಿಗೆ ಮಫ್ಲರ್ ಸುತ್ತಿ, ಗೇಟಿನ ಹೊರಗೆ ನಿಂತಾಗಿತ್ತು.

ಬೂಟು, ಮಫ್ಲರ್ ಎಂದರೆ ನಿಮ್ಮ ಕಣ್ಣ ಮುಂದೆ ಯಾರೋ ಗಟ್ಟಿ ಆಳು ಬಂದಿರಬೇಕು. ಅಯ್ಯೋ, ಹಾಗೇನಿಲ್ಲ! ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು. ತೆಳ್ಳಗಿನ ಮೈ, ದಪ್ಪ ಕನ್ನಡಕ. ಜಿರಲೆ ಕಂಡರೆ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡು "ಲೇ, ಬಾರೇ ಇಲ್ಲಿ" ಎಂದು ಅತ್ತೆಯನ್ನು ಕೂಗುತ್ತಿದ್ದ ಜೀವ ಅದು. ಬಂದೂಕಿನ ಮಾತು ಹಾಗಿರಲಿ, ಹಲಸಿನ ಹಣ್ಣು ಕೊಯ್ಯುವುದಕ್ಕೂ ಪಕ್ಕದ ಮನೆಯವರನ್ನೇ ಕರೆಯಬೇಕಾಗಿತ್ತು.

ಎಲ್ಲದಕ್ಕೂ ಕಾರಣ ಒಂದು ರೇಡಿಯೋ ಭಾಷಣ. ಎಪ್ಪತ್ತೊಂದರ ಯುದ್ಧದ ದಿನಗಳು. ನಾನಿನ್ನೂ ಆ ಮನೆಗೆ ಕಾಲಿಟ್ಟಿರಲಿಲ್ಲ, ಇದೆಲ್ಲ ಅತ್ತೆ ಹೇಳಿದ್ದು. ಶತ್ರು ವಿಮಾನಗಳಿಗೆ ಬೆಳಕು ಕಾಣಬಾರದೆಂದು ಕಿಟಕಿ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರಂತೆ. ಅತ್ತೆ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರಂತೆ. ಮಾವ ಆರಾಮ ಕುರ್ಚಿಯಲ್ಲಿ ಒರಗಿದ್ದರು. ಅಷ್ಟರಲ್ಲಿ ದೊಡ್ಡ ಸೇನಾಧಿಪತಿಯೊಬ್ಬರು ಗಡಿಯಲ್ಲಿದ್ದ ತಮ್ಮ ಸೈನಿಕರಿಗೆ ಹೇಳಿದ ಮಾತು ಇಂಗ್ಲಿಷಿನಲ್ಲಿ ಗೊರಗೊರ ಎನ್ನುತ್ತಾ ಬಂತು. ಮೊದಲನೆಯ ವಾಕ್ಯಕ್ಕೆ ಮಾವ ನೆಟ್ಟಗೆ ಕೂತರು. ನಡುವೆ ಎಲ್ಲೋ ಎದ್ದು ನಿಂತರು. ಮಾತು ಮುಗಿಯುವ ಹೊತ್ತಿಗೆ ಪಂಚೆ, ಮಂಕಿ ಕ್ಯಾಪಿನಲ್ಲೇ ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ಸೆಟೆದು ನಿಂತು, ರೇಡಿಯೋ ಕಡೆ ನೋಡಿ "ಆಗಲಿ ಸಾರ್" ಎಂದುಬಿಟ್ಟರಂತೆ!

"ಯಾರಿಗ್ರೀ ಹೇಳಿದ್ದು?" ಅಂತ ಅತ್ತೆ.

"ಅವರಿಗೆ."

"ಅವರಿಗೆ ಕೇಳ್ಸತ್ತಾ?"

"ಕೇಳ್ಸತ್ತೋ ಇಲ್ವೋ ಅದು ಅವರಿಗೆ ಬಿಟ್ಟಿದ್ದು. ಹೇಳೋದು ನನ್ನ ಡ್ಯೂಟಿ."

ಆ ಭಾಷಣದ ಸಾರ ಏನು ಎಂದು ಮಾವನ ಬಾಯಲ್ಲೇ ಎಷ್ಟೋ ಸಲ ಕೇಳಿದ್ದೇನೆ. ನಿನ್ನ ಜಾಗದಲ್ಲಿ ನೀನಿರು. ನಿನ್ನ ಕೆಲಸವನ್ನು ಇನ್ನೊಬ್ಬ ಮಾಡುತ್ತಾನೆ ಅಂತ ಕಾಯಬೇಡ. ತಪ್ಪಾದರೆ ಪಕ್ಕದವನ ಕಡೆ ಬೆರಳು ತೋರಿಸಬೇಡ. ಇಷ್ಟೇ! ಇದನ್ನು ಎಲ್ಲೋ ಚಳಿಯಲ್ಲಿ ಬಂದೂಕು ಹಿಡಿದು ಕೂತವರಿಗೆ ಹೇಳಿದ್ದರು. ಜಯನಗರದ ತುದಿಯಲ್ಲಿ ಅವರೆಕಾಯಿ ಸಿಪ್ಪೆಯ ಪಕ್ಕ ನಿಂತವರೊಬ್ಬರು ಅದನ್ನು ಹೆಗಲಿಗೆ ಹಾಕಿಕೊಂಡಾರು ಎಂದು ಆ ಪುಣ್ಯಾತ್ಮರಿಗೆ ಹೇಗೆ ಗೊತ್ತಾಗಬೇಕು?

ಈಗ ನಮ್ಮ ಮನೆ ಇದ್ದ ಜಾಗ ಹೇಳಬೇಕು. ಆಗ ಊರು ನಮ್ಮ ಬೀದಿಗೆ ಮುಗಿಯುತ್ತಿತ್ತು. ಆಚೆಗೆ ರಾಗಿ ಹೊಲ, ಹುಣಸೆ ಮರ, ಮಣ್ಣಿನ ದಾರಿ; ಅದರಾಚೆ ಜರಗನಹಳ್ಳಿ. ಜೆ.ಪಿ. ನಗರ ಎಂಬ ಹೆಸರು ಇನ್ನೂ ಹುಟ್ಟಿರಲಿಲ್ಲ. ನಮ್ಮ ಬೀದಿಯ ಕೊನೆಯ ಲೈಟು ಕಂಬವೇ ಊರಿನ ಕೊನೆಯ ಕಂಬ. ಬೀದಿಯ ದೀಪಗಳನ್ನೆಲ್ಲ ಹತ್ತಿಸುವ ಸ್ವಿಚ್ಚಿನ ಪೆಟ್ಟಿಗೆ ನಮ್ಮ ಗೇಟಿನ ಪಕ್ಕದ ಕಂಬಕ್ಕೇ ಇತ್ತು. ಲೈನ್‌ಮನ್ ದಿನಾ ಸಂಜೆ ಸೈಕಲ್ಲಿನಲ್ಲಿ ಬಂದು ಹಾಕಿ ಹೋಗುತ್ತಿದ್ದ. ಯುದ್ಧ ಶುರುವಾಗಿ ಸೈರನ್ ಕೂಗಿದ ಕೂಡಲೇ ದೀಪ ಆರಿಸಬೇಕು ಎಂದಾದಾಗ, ಒಬ್ಬನೇ ಎಷ್ಟು ಬೀದಿಗೆ ಓಡಿಯಾನು? "ಸಾರ್, ನಿಮ್ಮ ಗೇಟ್ ಪಕ್ಕದಲ್ಲೇ ಐತೆ, ಸ್ವಲ್ಪ ನೋಡ್ಕೊಳ್ಳಿ" ಎಂದು ಮಾವನಿಗೆ ಹೇಳಿ ಹೋದ. ರೇಡಿಯೋ ಭಾಷಣ ಬಂದದ್ದು ಅದರ ಮಾರನೆಯ ದಿನ. ಮಾವನಿಗೆ ತಮ್ಮ ಜಾಗ ಯಾವುದು ಎಂದು ಆಗ ಸ್ಪಷ್ಟವಾಗಿ ಹೊಳೆಯಿತು.

ಯುದ್ಧ ಬೇಗ ಮುಗಿಯಿತು. ಲೈನ್‌ಮನ್ ಮತ್ತೆ ಬಂದ.

"ಯುದ್ಧ ಮುಗೀತಲ್ಲ ಸಾರ್, ಇನ್ನು ನಾನೇ ಹಾಕ್ಕೋತೀನಿ."

"ಯಾರು ಹೇಳಿದ್ರು?"

"ಪೇಪರ್ನಾಗೆ ಬಂದೈತಲ್ಲ ಸಾರ್!"

"ಯುದ್ಧ ಮುಗೀತು ಅಂತ ಬಂದಿದೆ. ಡ್ಯೂಟಿ ಮುಗೀತು ಅಂತ ಬಂದಿದ್ಯಾ?"

ಲೈನ್‌ಮನ್ ತನ್ನ ಸೈಕಲ್ಲನ್ನು ನೋಡಿದ, ಏರು ದಾರಿಯನ್ನು ನೋಡಿದ. "ಇಲ್ಲ ಸಾರ್, ಬಂದಿಲ್ಲ" ಎಂದು ಬಹಳ ಪ್ರಾಮಾಣಿಕವಾಗಿ ಒಪ್ಪಿಕೊಂಡು ಹೊರಟುಹೋದ. ಬೆಳಿಗ್ಗೆ ಆರಿಸುವುದು ಅವನ ಪಾಲು, ಸಂಜೆ ಹತ್ತಿಸುವುದು ಮಾವನ ಪಾಲು ಎಂದಾಯಿತು. "ಆವತ್ತು ಕತ್ತಲೆ ಮಾಡಿದವನು ನಾನು. ಬೆಳಕು ಮಾಡೋದೂ ನಾನೇ ಅಲ್ವೇನಮ್ಮ?" ಎಂದು ನನ್ನನ್ನು ಕೇಳಿದ್ದರು. ಹೌದು ಮಾವ ಎಂದೆ. ಮದುವೆಯಾಗಿ ಬಂದು ಎರಡು ದಿನವಾಗಿತ್ತು.

ಆ ಎರಡು ದಿನದಲ್ಲೇ ನನಗೂ ಪೋಸ್ಟಿಂಗ್ ಆಗಿತ್ತು ನೋಡಿ! ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ನನ್ನ ಗಂಡ ಬೆಳಗಿನ ನಲ್ಲಿ ನೀರಿಗೆ. ಅತ್ತೆ ಹಾಲು ಮೊಸರಿಗೆ. ಖಾಲಿ ಇದ್ದದ್ದು ಹಿತ್ತಲ ಬಾಗಿಲ ಚಿಲಕ, ಅದು ನನಗೆ ಬಂತು. ಒಂದು ದಿನ ಚಿಲಕ ಹಾಕುವುದು ಮರೆತೆ, ಬೆಕ್ಕು ಬಂದು ಹಾಲು ಕುಡಿದು ಹೋಯಿತು. ಬೈಗುಳ ಬರುತ್ತದೆ ಎಂದುಕೊಂಡೆ. ಬೈಯಲಿಲ್ಲ, ವಿಚಾರಣೆ ಮಾಡಿದರು.

"ಚಿಲಕ ಯಾರದು?"

"ನಂದು ಮಾವ."

"ಹಾಲು ಯಾರದು?"

"ಅತ್ತೆದು."

"ಬೆಕ್ಕು ಯಾರದು?"

ಅದು ಬೀದಿ ಬೆಕ್ಕು, ಯಾರದೂ ಅಲ್ಲ ಎಂದೆ. "ನೋಡಿದ್ಯಾ! ಯಾರದೂ ಅಲ್ಲ ಅಂತ ಬಿಟ್ಟಿದ್ದಕ್ಕೇ ಹೀಗಾಗಿದ್ದು" ಎಂದು ಬೆಕ್ಕಿನ ಜವಾಬ್ದಾರಿಯನ್ನು ಅಲ್ಲೇ ತಾವು ವಹಿಸಿಕೊಂಡರು. ಅವತ್ತಿನಿಂದ ಆ ಬೆಕ್ಕು ಕಳ್ಳತನ ಬಿಟ್ಟು, ಮುಂಬಾಗಿಲಿನಿಂದಲೇ ಬಂದು, ನನ್ನ ಕಾಫಿಯ ಪಾಲಿನ ಹಾಲನ್ನು ರಾಜಾರೋಷವಾಗಿ ಕುಡಿದು ಹೋಗತೊಡಗಿತು.

ಇನ್ನೊಂದು ವಿಷಯವಿದೆ. ಆ ಸೇನಾಧಿಪತಿಯ ಭಾಷಣ ವರ್ಷ ವರ್ಷವೂ ಬೆಳೆಯುತ್ತಿತ್ತು! ನಾನು ಬಂದಾಗ ಮೂರು ವಾಕ್ಯವಿತ್ತು. ನನ್ನ ಮಗಳು ಹುಟ್ಟುವ ಹೊತ್ತಿಗೆ ಅದರಲ್ಲಿ ಬಚ್ಚಲ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸುವ ವಿಷಯ ಸೇರಿಕೊಂಡಿತು. ಅವಳು ಅಂಬೆಗಾಲಿಡುವಾಗ, ಓದಿದ ಪೇಪರನ್ನು ಮಡಿಚಿಡುವುದು ಬಂತು. ಒಂದು ದಿನ ನಾನು ತಡೆಯಲಾರದೆ ಕೇಳಿದೆ, "ಮಾವ, ಅಷ್ಟು ದೊಡ್ಡ ಸೇನಾಧಿಪತಿ ನಲ್ಲಿ ಬಗ್ಗೆ ಮಾತಾಡಿದ್ರಾ?"

ಮಾವ ಕನ್ನಡಕ ಒರೆಸಿಕೊಂಡರು. "ಮಾತಾಡ್ಲಿಲ್ಲ. ಸಮಯ ಇರ್ಲಿಲ್ಲ ಪಾಪ ಅವರಿಗೆ. ಇದ್ದಿದ್ರೆ ಮಾತಾಡ್ತಿದ್ರು."

ನಗಬೇಡಿ. ಅಲ್ಲ, ನಗಿ, ನಾನೂ ಬೇಕಾದಷ್ಟು ನಕ್ಕಿದ್ದೇನೆ. ಆದರೆ ಸಂಜೆ ಅವರು ಗೇಟಿನ ಹೊರಗೆ ನಿಂತಾಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ಆ ಹೊತ್ತು ಈಗಲೂ ನನಗೆ ಕನಸಿನಲ್ಲಿ ಬರುತ್ತದೆ. ಹೊಲದ ಕಡೆಯಿಂದ ತೆಳ್ಳಗೆ ಮಂಜು ಏಳುವುದು. ಯಾರದೋ ಮನೆಯ ಸೌದೆ ಒಲೆಯ ಹೊಗೆ ಅದಕ್ಕೆ ಬೆರೆತು, ಹುಣಸೆ ಮರ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯದಂತಾಗುವುದು. ಕನಕಪುರ ರಸ್ತೆಯಲ್ಲಿ ಬಸ್ಸಿಳಿದ ಜರಗನಹಳ್ಳಿಯ ಹೆಂಗಸರು ಬುಟ್ಟಿ ಹೊತ್ತು, ಕತ್ತಲಾಗುವ ಮೊದಲು ಊರು ಸೇರಬೇಕೆಂದು ಬೇಗ ಬೇಗ ಹೆಜ್ಜೆ ಹಾಕುವರು. ಮಾವ ಪೆಟ್ಟಿಗೆಯ ಮುಂದೆ ನಿಂತು ಆಕಾಶ ನೋಡುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ. ಎದುರು ಮನೆಯ ದಾಸವಾಳದ ಕೆಂಪು ಕಣ್ಣಿಗೆ ಕಾಣದಂತಾದ ಕೂಡಲೇ ಅವರ ಕೈ ಸ್ವಿಚ್ಚಿಗೆ ಹೋಗುತ್ತಿತ್ತು. ಟಕ್! ಒಂದೊಂದಾಗಿ ಹಳದಿ ದೀಪಗಳು ಹತ್ತಿ, ಕೊನೆಗೆ ಆ ಕೊನೆಯ ಕಂಬ ಸ್ವಲ್ಪ ಯೋಚನೆ ಮಾಡಿ ಹತ್ತುತ್ತಿತ್ತು. ಹೆಂಗಸರಲ್ಲಿ ಯಾರೋ ಒಬ್ಬಳು "ಹಾಕಿದ್ರಾ ಯಜಮಾನ್ರೇ?" ಎನ್ನುವಳು. "ಹಾಕ್ದೆ ಕಣಮ್ಮ, ನಿಧಾನಕ್ಕೆ ಹೋಗಿ" ಎನ್ನುವರು ಮಾವ. ಆ ಹೆಂಗಸರ ಹೆಜ್ಜೆ ನಿಜವಾಗಿಯೂ ನಿಧಾನವಾಗುತ್ತಿತ್ತು. ನಾನು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲ ಮೇಲೆ ನಿಂತು ಅದನ್ನು ನೋಡುತ್ತಿದ್ದೆ. ಒಳಗೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ.

ಅತ್ತೆ ಮಾತ್ರ ಆ ಹೊತ್ತಿಗೆ ಹೊರಗೆ ಬರುತ್ತಿರಲಿಲ್ಲ. ಅವರಿಗೆ ಆ ಸ್ವಿಚ್ಚು ಸವತಿ! ಅತ್ತೆಗೆ ಸಂಗೀತವೆಂದರೆ ಪ್ರಾಣ. ರಾಮನವಮಿ ಬಂತೆಂದರೆ ಬಸವನಗುಡಿ ಕಡೆಯ ಪೆಂಡಾಲಿನಲ್ಲಿ ದಿನಾ ಸಂಜೆ ಕಚೇರಿ. ಅವರಿಗೆ ಇದ್ದದ್ದು ಒಂದೇ ಒಂದು ಆಸೆ: ಗಂಡನ ಪಕ್ಕದಲ್ಲಿ ಕೂತು ಒಂದು ಕಚೇರಿಯನ್ನು ಪೂರ್ತಿ ಕೇಳಬೇಕು. ಸಣ್ಣ ಆಸೆ ಅಲ್ವಾ? ಒಡವೆ ಕೇಳಲಿಲ್ಲ, ಕಾಶಿ ಕೇಳಲಿಲ್ಲ. ಒಂದೇ ಒಂದು ಸಂಜೆಯನ್ನು ಕೇಳಿದರು. ಪ್ರತಿ ವರ್ಷ ಮಾವ ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಪೆಂಡಾಲಿನಲ್ಲಿ ಒಳ್ಳೆಯ ಜಾಗ ನೋಡಿ ಕೂರಿಸಿ, ತಂಬೂರಿ ಶ್ರುತಿ ಮಾಡುವಷ್ಟರಲ್ಲಿ ಎದ್ದು ಬಂದುಬಿಡುತ್ತಿದ್ದರು. ಅಕ್ಕಪಕ್ಕದ ಹೆಂಗಸರೆಲ್ಲ ಗಂಡಂದಿರ ಜೊತೆ ತಾಳ ಹಾಕುವಾಗ ಅತ್ತೆ ಪಕ್ಕದ ಖಾಲಿ ಜಾಗದ ಮೇಲೆ ತಮ್ಮ ಚೀಲ ಇಟ್ಟುಕೊಂಡು ಕೂರುತ್ತಿದ್ದರು. ಇದನ್ನು ಅವರು ನನಗೆ ಹೇಳಿದ ದಿನ ಮಾವನ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು.

"ಒಂದಿನ ನಾನು ಹಾಕ್ತೀನಿ ಬಿಡಿ ಮಾವ" ಎಂದೆ.

"ಬೇಡಮ್ಮ. ನಿನ್ನದು ಚಿಲಕ."

"ಒಂದಿನಕ್ಕೆ ಏನಾಗತ್ತೆ?"

"ಬಿಡುಗಡೆ ಆರ್ಡರ್ ಬರದೆ ಹೆಂಗಮ್ಮ ಜಾಗ ಬಿಟ್ಟು ಹೋಗ್ಲಿ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಮುಖದಲ್ಲಿ ಒಂಥರಾ ಸಂಕಟವಿತ್ತು. ಅತ್ತೆಯ ಆಸೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಅಷ್ಟೇ ಅಲ್ಲ, ಮಾವ ನೆಟ್ಟಗೆ ನಿದ್ದೆಯನ್ನೂ ಮಾಡುತ್ತಿರಲಿಲ್ಲ. ಎಲೆ ಬಿದ್ದರೂ "ಯಾರದು?" ಎನ್ನುವರು. "ಮದುವೆ ಆದಾಗ ಎಮ್ಮೆ ಹಾಗೆ ನಿದ್ದೆ ಮಾಡ್ತಿದ್ರು ಕಣೇ. ಆ ರೇಡಿಯೋ ಕೇಳಿದ್ದೇ ಕೇಳಿದ್ದು, ಇವರು ಮೈಮರೆತು ಮಲಗಿದ್ದನ್ನ ನಾನು ಮತ್ತೆ ನೋಡಿಲ್ಲ" ಎಂದು ಅತ್ತೆ ಹೇಳುತ್ತಿದ್ದರು.

ಆರ್ಡರ್ ತಾನೇ ಬೇಕಾದ್ದು? ತರಿಸೋಣ ಎಂದ ನನ್ನ ಗಂಡ! ಹಿಂದಿನ ಬೀದಿಗೆ ನಿವೃತ್ತ ಸುಬೇದಾರರೊಬ್ಬರು ಬಾಡಿಗೆಗೆ ಬಂದಿದ್ದರು. ಅದೇ ಯುದ್ಧದಲ್ಲಿ ಗಡಿಯಲ್ಲಿದ್ದವರು. ಅವರಿಗೆ ಕಾಫಿ, ಕೋಡುಬಳೆ ಕೊಟ್ಟು, ಪಾಠ ಹೇಳಿಕೊಟ್ಟು, ಸಂಜೆ ಕಂಬದ ಹತ್ತಿರ ಕಳಿಸಿದೆವು. ನಾನು ಮತ್ತು ನನ್ನ ಗಂಡ ಕಾಂಪೌಂಡಿನ ಒಳಗೆ ಬಗ್ಗಿ ಕೂತೆವು.

"ಸಾರ್, ಯುದ್ಧ ಮುಗಿದು ಎಷ್ಟೋ ವರ್ಷ ಆಯ್ತು. ನಿಮಗೆ ಬಿಡುಗಡೆ" ಎಂದರು ಸುಬೇದಾರರು, ಗಟ್ಟಿ ದನಿಯಲ್ಲಿ.

"ತಮ್ಮ ರ‍್ಯಾಂಕು?"

"ಸುಬೇದಾರ್."

"ಆವತ್ತು ರೇಡಿಯೋದಲ್ಲಿ ಮಾತಾಡಿದವರ ರ‍್ಯಾಂಕು ತಮಗೆ ಗೊತ್ತಲ್ಲ? ಅವರ ಆರ್ಡರನ್ನ ತಾವು ಕ್ಯಾನ್ಸಲ್ ಮಾಡಬಹುದಾ?"

ಸುಬೇದಾರರ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು. "ಆಗಲ್ಲ ಸಾರ್!"

ನನ್ನ ಗಂಡ ಹಣೆ ಚಚ್ಚಿಕೊಂಡ. ಮಾವ ಮೆಲ್ಲಗೆ ಕೇಳಿದರು, "ತಾವು ಆ ಮಾತನ್ನ ಕೇಳಿದ್ರಾ?"

"ಇಲ್ಲ ಸಾರ್. ನಾವಿದ್ದ ಕಡೆ ರೇಡಿಯೋ ಎಲ್ಲಿಂದ ಬರಬೇಕು?"

ಮಾವ ಬೆರಗಾಗಿ ಅವರನ್ನೇ ನೋಡಿದರು. ಆಮೇಲೆ ಆ ಮಂಜಿನಲ್ಲಿ ನಿಂತು, ಇಷ್ಟು ವರ್ಷ ತಮ್ಮ ಹತ್ತಿರ ಇಟ್ಟುಕೊಂಡಿದ್ದ ಮಾತನ್ನು ಮೊದಲಿನಿಂದ ಕೊನೆಯವರೆಗೆ ಅದರ ನಿಜವಾದ ವಾರಸುದಾರರಿಗೆ ತಲುಪಿಸಿದರು. ಅವತ್ತು ಅದರಲ್ಲಿ ನಲ್ಲಿ ಇರಲಿಲ್ಲ, ಪೇಪರ್ ಇರಲಿಲ್ಲ. ಮೂರೇ ವಾಕ್ಯ. ಸುಬೇದಾರರು ತಲೆ ತಗ್ಗಿಸಿ ಕೇಳಿ ಮನೆಗೆ ಹೋದರು. ಮುಂದಿನ ವಾರದಿಂದ ತಮ್ಮ ಬೀದಿಯ ಸ್ವಿಚ್ಚನ್ನು ಅವರು ಹಾಕತೊಡಗಿದರು! ಅವರ ಹೆಂಡತಿ ನಮ್ಮೆಲ್ಲರ ಜೊತೆ ಮಾತು ಬಿಟ್ಟರು.

ಹೀಗೆ ವರ್ಷಗಳು ಕಳೆದವು. ರಾಗಿ ಹೊಲದಲ್ಲಿ ಸೈಟುಗಳ ಕಲ್ಲು ನೆಟ್ಟರು, ಜೆ.ಪಿ. ನಗರ ಎಂಬ ಬೋರ್ಡು ಬಂತು, ನಮ್ಮ ಕೊನೆಯ ಕಂಬದ ಆಚೆಗೂ ಒಂದೆರಡು ಕಂಬ ಎದ್ದವು. ಮಾವ ಕಚೇರಿಯಿಂದ ನಿವೃತ್ತರಾದರು. ಆದರೆ ಕಂಬದಿಂದ ಆಗಲಿಲ್ಲ. ಅತ್ತೆಯ ಪಕ್ಕದ ಜಾಗ ಪ್ರತಿ ರಾಮನವಮಿಗೂ ಖಾಲಿಯೇ ಉಳಿಯಿತು. ಅವರು ಮಾವನನ್ನು ಉಳಿಯಿರಿ ಎಂದು ಕೇಳುವುದನ್ನೂ ಬಿಟ್ಟಿದ್ದರು. ಅವರು ಕೇಳದೆ ಸುಮ್ಮನಾದದ್ದು ನನಗೆ ಇನ್ನೂ ಹೆಚ್ಚು ನೋವು ಕೊಡುತ್ತಿತ್ತು.

ಆಮೇಲೆ ಒಂದು ಚಳಿಗಾಲ ಮಾವನಿಗೆ ಹೊಟ್ಟೆಯ ಆಪರೇಷನ್ ಆಯಿತು. ಮಧ್ಯಾಹ್ನವೆಲ್ಲ ಮಂಪರಿನಲ್ಲಿದ್ದವರು ಸಂಜೆಯಾಗುತ್ತಿದ್ದ ಹಾಗೆ ಕಣ್ಣು ಬಿಟ್ಟರು. ಆಸ್ಪತ್ರೆಯ ಕಿಟಕಿಯ ಕಡೆ ನೋಡಿದರು. ಆಕಾಶದ ಬಣ್ಣ ನೋಡಿಯೇ ಅವರಿಗೆ ಹೊತ್ತು ತಿಳಿಯಿತು ನೋಡಿ, ಎದ್ದು ಕೂರಲು ಹೊರಟರು! ಕೈಗೆ ಚುಚ್ಚಿದ ಸೂಜಿ ಎಳೆಯಿತು. ನರ್ಸ್ ಓಡಿ ಬಂದಳು. "ಅಂಕಲ್, ಏಳ್ಬಾರ್ದು, ಹೊಲಿಗೆ ಬಿಚ್ಚತ್ತೆ!" ನನ್ನ ಗಂಡ ಭುಜ ಹಿಡಿದ. "ಅಪ್ಪ, ನಾನು ಹೋಗಿ ಹಾಕ್ತೀನಿ." "ನಿನ್ನದು ನೀರು ಕಣೋ" ಎಂದು ಮಾವ ಒದ್ದಾಡಿದರು. ಎಲ್ಲರೂ ಅವರನ್ನು ಹಿಡಿಯುವುದರಲ್ಲಿದ್ದೆವು. ಅತ್ತೆ ಎಲ್ಲಿ ಹೋದರು ಎಂದು ಯಾರೂ ನೋಡಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಮುಡಿ ಕೆದರಿತ್ತು, ಏದುಸಿರು ಬರುತ್ತಿತ್ತು. ಒಬ್ಬರೇ ಆಟೋ ಮಾಡಿಕೊಂಡು, ಹತ್ತಿರದಲ್ಲೇ ಇದ್ದ ಮನೆಗೆ ಹೋಗಿ ಬಂದಿದ್ದರು. ಸೀದಾ ಮಂಚದ ತಲೆಯ ಕಡೆ ಬಂದು ನಿಂತರು.

"ನೋಡ್ರೀ, ಇಲ್ಲಿ ನೋಡಿ. ದೀಪ ಹಾಕಿ ಬಂದಿದೀನಿ."

ಮಾವನ ಒದ್ದಾಟ ನಿಂತಿತು. "ನೀನಾ? ಆ ಸ್ವಿಚ್ಚು ಗಟ್ಟಿ..."

"ಗಟ್ಟಿ ಇತ್ತು. ಎರಡೂ ಕೈಯಲ್ಲಿ ಹಾಕ್ದೆ."

"ನಮ್ಮ ಕೊನೇ ಕಂಬ?"

"ಮಿಣಮಿಣ ಅಂತು. ನಿಂತ್ಕೊಂಡು ಅದು ಹತ್ತಿದ್ದು ನೋಡೇ ಬಂದಿದ್ದು." ಅತ್ತೆಯ ದನಿ ಗಟ್ಟಿಯಾಯಿತು. "ಇವತ್ತಿಗೆ ನಿಮಗೆ ಬಿಡುಗಡೆ. ಇದು ನನ್ನ ಆರ್ಡರು. ಕಣ್ಣು ಮುಚ್ಚಿ ಮಲ್ಕೊಳ್ಳಿ."

ಮಾವ ತಲೆಯನ್ನು ದಿಂಬಿಗಿಟ್ಟರು. ಎರಡೂ ಕೈ ಹೊದಿಕೆಯ ಮೇಲೆ ಪಕ್ಕಕ್ಕೆ ಇಳಿದವು. "ಆಗಲಿ ಸಾರ್" ಎಂದು ಕಣ್ಣು ಮುಚ್ಚಿದರು.

ನರ್ಸ್ ಕಿಸಕ್ಕನೆ ನಕ್ಕಳು. ನಾವು ನಗಲಿಲ್ಲ. ಸುಬೇದಾರರವರೆಗೂ ಹೋಗಿ ಬಂದ ನಮಗೆ, ಆ ಸೇನಾಧಿಪತಿಗಿಂತ ಮೇಲಿನ ರ‍್ಯಾಂಕಿನವರು ಅಡುಗೆಮನೆಯಲ್ಲೇ ಇದ್ದಾರೆ ಎಂದು ಹೊಳೆದೇ ಇರಲಿಲ್ಲವಲ್ಲ!

ಮಾವ ಗುಣವಾಗಿ ಬಂದು ಮತ್ತೆ ಕಂಬದ ಮುಂದೆ ನಿಂತರು. ಆದರೆ ಆ ರಾಮನವಮಿಗೆ ಅತ್ತೆ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಹೊಸಿಲ ಮೇಲೆ ನಿಂತು "ಸಂಜೆ ರಜಾ ಮಂಜೂರಾಗಿದೆ, ಜುಬ್ಬಾ ಹಾಕ್ಕೊಳ್ಳಿ" ಎಂದರು. ಮಾವ ನನ್ನ ಕಡೆ ತಿರುಗಿದರು. "ದಾಸವಾಳ ನೋಡ್ಕೊ. ಕೆಂಪು ಕಾಣ್ತಿರೋವರ್ಗೂ ಹಾಕ್ಬೇಡ" ಎಂದು ಹೇಳಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ವಾಪಸ್ ಬಂದು, "ಚಿಲಕ ಹಾಕಿದೀಯಾ?" ಎಂದು ಕೇಳಿ ಹೋದರು.

ಅವತ್ತು ಸಂಜೆ ನಾನು ಆ ಪೆಟ್ಟಿಗೆಯ ಮುಂದೆ ನಿಂತೆ. ದಾಸವಾಳ ಕಪ್ಪಾಯಿತು. ಸ್ವಿಚ್ಚು ಒತ್ತಿದೆ. ಬೀದಿಯುದ್ದಕ್ಕೂ ಬೆಳಕು ಓಡಿ ಹೋಗಿ ನಮ್ಮ ಹಳೆಯ ಕೊನೆಯ ಕಂಬದಲ್ಲಿ ನಿಂತಿತು, ಯೋಚನೆ ಮಾಡಿತು, ಹತ್ತಿತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಬುಟ್ಟಿ ಹೊತ್ತ ಹೆಂಗಸೊಬ್ಬಳು "ಯಜಮಾನ್ರು ಎಲ್ಲಿ ತಾಯಿ?" ಎಂದು ಗಾಬರಿಯಿಂದ ಕೇಳಿದಳು. "ಅತ್ತೆ ಜೊತೆ ಸಂಗೀತಕ್ಕೆ ಹೋಗಿದಾರಮ್ಮ" ಎಂದೆ. "ಹೋಗ್ಲಿ ಬಿಡಿ ಪಾಪ" ಎಂದು ನಕ್ಕು ಬೆಳಕಿನಲ್ಲಿ ನಿಧಾನವಾಗಿ ನಡೆದು ಹೋದಳು.

ಊಟದ ಹೊತ್ತಿಗೆ ಇಬ್ಬರೂ ಬಂದರು. ಮಾವನ ಕೈಯಲ್ಲಿ ದೊನ್ನೆ ತುಂಬ ಕೋಸಂಬರಿ. ಕೆನ್ನೆಯ ಮೇಲೆ ಅತ್ತೆಯ ಸೀರೆಯ ಜರಿಯಂಚಿನ ಗುರುತು ಮೂಡಿತ್ತು! ದೀಪಗಳನ್ನು ಒಂದೊಂದಾಗಿ ನೋಡಿ, ತಲೆಯಾಡಿಸಿ, ಒಳಗೆ ಹೋದರು. ಅತ್ತೆ ಮೆಟ್ಟಿಲ ಮೇಲೆ ಕೂತು ತಮ್ಮ ಎಡಭುಜ ಒತ್ತಿಕೊಳ್ಳುತ್ತಿದ್ದರು.

"ಕಚೇರಿ ಹೇಗಿತ್ತು ಅತ್ತೆ?"

"ಕಲ್ಯಾಣಿ ಶುರು ಮಾಡಿದ್ರು ಕಣೇ. ಇವರು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗ್ಬಿಟ್ರು. ಎಂಥಾ ನಿದ್ದೆ ಅಂತೀಯಾ! ಮಂಗಳ ಹಾಡೋವರ್ಗೂ ಏಳ್ಲಿಲ್ಲ. ಭುಜ ಜೋಮು ಹಿಡಿದುಹೋಗಿದೆ ನೋಡು."

ನನಗೆ ಅಳು ನಗು ಎರಡೂ ಒಟ್ಟಿಗೆ ಬಂತು. "ಅಯ್ಯೋ ಅತ್ತೆ! ಇಷ್ಟು ವರ್ಷ ಕಾದು ಕರ್ಕೊಂಡು ಹೋಗಿ... ಎಬ್ಬಿಸ್ಬಾರ್ದಿತ್ತಾ? ಭುಜನಾದ್ರೂ ಸ್ವಲ್ಪ ಆ ಕಡೆ ಸರಿಸ್ಬಾರ್ದಿತ್ತಾ?"

ಅತ್ತೆ ಕೊನೆಯ ಕಂಬದ ಬೆಳಕನ್ನು ನೋಡುತ್ತಾ ಕೂತಿದ್ದರು. ಮುಡಿಯ ಮಲ್ಲಿಗೆ ಬಾಡಿತ್ತು, ಮುಖ ಮಾತ್ರ ಆಗ ತಾನೇ ಮದುವೆಯಾದವರ ಹಾಗಿತ್ತು.

"ಸರಿಸೋದು ಹೇಗೇ?" ಎಂದರು. "ನನ್ನ ಜಾಗದಲ್ಲಿ ನಾನಿದ್ದೆ."